ಚಪಾಲ ಸರೋವರದ ದಂಡೆಗೆ ನಿವೃತ್ತರಾಗಿ ಬರುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಅಮೆರಿಕದಲ್ಲಿ ದುಡಿದು, ಅಲ್ಲಿನ ಪೌರತ್ವ ಪಡೆದು, ನಿವೃತ್ತಿಯಾದ ಮೇಲೆ ಮೆಕ್ಸಿಕೋದ ಚಪಾಲ ಸರೋವರದ ಕಡೆ ಮನೆ ಮಾಡಬೇಕೆಂದಿರುವ ಕನ್ನಡದ ಕುಟುಂಬಗಳಿಗಾಗಿ ಇದನ್ನು ಬರೆದಿದ್ದೇನೆ. ಹಲಿಸ್ಕೊ ರಾಜ್ಯದಲ್ಲಿ, ಗ್ವಾಡಲಹಾರ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಈ ಸರೋವರ ಮೆಕ್ಸಿಕೋದಲ್ಲೇ ದೊಡ್ಡದು. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿರುವುದರಿಂದ ಸೆಕೆಯೂ ಅತಿಯಿಲ್ಲ, ಚಳಿಯೂ ಅತಿಯಿಲ್ಲ. ಚಪಾಲ, ಅಹಿಹಿಕ್, ಹೊಕೊತೆಪೆಕ್ ಊರುಗಳಲ್ಲಿ ಅಮೆರಿಕ, ಕೆನಡಾದ ನಿವೃತ್ತರು ದಶಕಗಳಿಂದ ನೆಲೆಸಿದ್ದಾರೆ. ಅವರಿಗೆ ನೆರವಾಗುವ ಲೇಕ್ ಚಪಾಲ ಸೊಸೈಟಿ ಶುರುವಾದದ್ದು 1955ರಲ್ಲಿ.

ಹವೆ ಚೆನ್ನಾಗಿದೆ, ಖರ್ಚು ಕಡಿಮೆ ಎಂಬ ಎರಡೇ ಕಾರಣಕ್ಕೆ ಬರಬೇಡಿ. ಅಮೆರಿಕದ ಲೆಕ್ಕವನ್ನು ಅರ್ಧಕ್ಕೆ ಬಿಟ್ಟು, ಇಲ್ಲಿನ ಊರಿಗೂ ಅರ್ಧ ಮಾತ್ರ ಸೇರಿ ಬದುಕುವವರೇ ಎಪ್ಪತ್ತು ದಾಟಿದ ಮೇಲೆ ಕಷ್ಟಕ್ಕೆ ಬೀಳುವುದು. ಎರಡೂ ಕಡೆಯ ಜವಾಬ್ದಾರಿಯನ್ನು ಪೂರ್ತಿ ಹೊರಲು ಗಂಡಹೆಂಡತಿ ಇಬ್ಬರೂ ಒಪ್ಪಿದ್ದರೆ ಮಾತ್ರ ಮುಂದೆ ಓದಿ.

ಹೊರಡುವ ಮೊದಲು

ಮೊದಲು ಬಾಡಿಗೆ ಮನೆ ಹಿಡಿಯಿರಿ. ಕನಿಷ್ಠ ಒಂದು ಪೂರ್ತಿ ವರ್ಷ. ಏಪ್ರಿಲ್, ಮೇ ತಿಂಗಳ ಧೂಳು ಮತ್ತು ಬಿಸಿಲು, ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆ, ಕಲ್ಲುಹಾಸಿನ ಬೀದಿಯಲ್ಲಿ ಗುಡ್ಡದಿಂದ ಹರಿದು ಬರುವ ನೀರು, ಜನವರಿಯ ಬೆಳಗಿನಲ್ಲಿ ಹೀಟರ್ ಇಲ್ಲದ ಮನೆಯ ಚಳಿ, ಇಷ್ಟನ್ನೂ ಒಂದು ಸುತ್ತು ಕಂಡ ಮೇಲೆ ಮನೆ ಕೊಳ್ಳುವ ಮಾತಾಡಿ. ಅಮೆರಿಕದ ಮನೆಯನ್ನು ಆ ವರ್ಷ ಮಾರಬೇಡಿ.

ಪ್ರವಾಸಿಗರಾಗಿ ಬಂದು, ಆರು ತಿಂಗಳಿಗೊಮ್ಮೆ ಗಡಿ ದಾಟಿ ಮತ್ತೆ ಬರುವ ಬದುಕು ಬೇಡವೇ ಬೇಡ. ಪ್ರವಾಸಿಗೆ ಸಿಗುವುದು ಹೆಚ್ಚೆಂದರೆ 180 ದಿನ, ಅದೂ ಅಧಿಕಾರಿ ಬರೆದಷ್ಟು ಮಾತ್ರ. ವಾಸದ ವೀಸಾಕ್ಕೆ ಅಮೆರಿಕದಲ್ಲಿರುವ ಮೆಕ್ಸಿಕೋ ಕಾನ್ಸುಲೇಟಿನಲ್ಲೇ ಅರ್ಜಿ ಹಾಕಿ. ಎಷ್ಟು ಆದಾಯ, ಎಷ್ಟು ಉಳಿತಾಯ ತೋರಿಸಬೇಕೆಂಬುದು ವರ್ಷ ವರ್ಷ ಬದಲಾಗುತ್ತದೆ. ಸ್ನೇಹಿತರು ಹೇಳಿದ ಅಂಕಿಯನ್ನು ನಂಬದೆ ಕಾನ್ಸುಲೇಟಿನ ಈ ವರ್ಷದ ಪಟ್ಟಿ ನೋಡಿ.

ವೀಸಾ ಅಂಟಿಸಿದ ಪಾಸ್‌ಪೋರ್ಟ್ ಹಿಡಿದು ಇಳಿಯುವಾಗ ಒಂದು ಕೆಲಸ ತಪ್ಪದೆ ಮಾಡಿ. ಗ್ವಾಡಲಹಾರ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯ ಕೌಂಟರಿಗೇ ಹೋಗಿ, ವೀಸಾ ಪುಟ ತೆರೆದು ತೋರಿಸಿ, 'ಕಾಂಹೆ' (ವೀಸಾ ಕೊಟ್ಟು ವಾಸದ ಕಾರ್ಡ್ ಪಡೆಯುವ ವಿನಿಮಯ) ಎಂದು ಹೇಳಿ. ಅವರು ಆ ಪದವನ್ನೂ 30 ದಿನ ಎಂಬುದನ್ನೂ ಬರೆದುಕೊಡಬೇಕು. ಅವಸರದಲ್ಲಿ ಪ್ರವಾಸಿ ಎಂದು 180 ದಿನ ಒತ್ತಿಸಿಕೊಂಡು ಹೊರಗೆ ಬಂದರೆ ತಿಂಗಳುಗಟ್ಟಲೆ ಪಟ್ಟ ಶ್ರಮ ಕೆಡುತ್ತದೆ. ಹೆಚ್ಚು ದಿನ ಸಿಕ್ಕಿತೆಂದು ಖುಷಿಪಡಬೇಡಿ, ಅಲ್ಲೇ ನಿಂತು ತಿದ್ದಿಸಿಕೊಳ್ಳಿ. ಆ 30 ದಿನದೊಳಗೆ ವಲಸೆ ಕಚೇರಿಯಲ್ಲಿ ವಾಸದ ಕಾರ್ಡಿಗೆ ಅರ್ಜಿ ಹಾಕಿ. ಮನೆ ಬದಲಾದರೆ 90 ದಿನದೊಳಗೆ ಅದೇ ಕಚೇರಿಗೆ ತಿಳಿಸಬೇಕು.

ಪಿಸ್ತೂಲು ತರಕೂಡದು. ಒಂದು ಗುಂಡೂ ಕೂಡದು. ಟೆಕ್ಸಾಸಿನಲ್ಲಿ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮರೆತುಹೋದ ಗುಂಡು ಇಲ್ಲಿ ಜೈಲಿಗೆ ದಾರಿ. ನೆಗಡಿಗೆ ಅಲ್ಲಿ ಕೊಳ್ಳುವ ಸ್ಯೂಡೋಎಫೆಡ್ರಿನ್ ಮಾತ್ರೆಗೂ ಇಲ್ಲಿ ನಿಷೇಧವಿದೆ.

ಗ್ರೀನ್ ಕಾರ್ಡ್ ಇನ್ನೂ ಪೌರತ್ವವಾಗಿ ಬದಲಾಗದವರು ಈಗಲೇ ಹೊರಡಬೇಡಿ. ಅಮೆರಿಕದ ಹೊರಗೆ ಕಾಯಂ ಮನೆ ಮಾಡಿದರೆ ಆ ಕಾರ್ಡ್ ಬಿಟ್ಟುಕೊಟ್ಟಂತೆ ಎಂದು ಅಲ್ಲಿನ ಅಧಿಕಾರಿಗಳು ಎಣಿಸಬಹುದು. ಪೌರರಲ್ಲದವರ ಸೋಷಿಯಲ್ ಸೆಕ್ಯುರಿಟಿಗೂ ಹೊರದೇಶದಲ್ಲಿ ಬೇರೆ ನಿಯಮಗಳಿವೆ. ದಂಪತಿಯಲ್ಲಿ ಒಬ್ಬರಿಗೆ ಮಾತ್ರ ಪೌರತ್ವವಿದ್ದರೆ, ಇನ್ನೊಬ್ಬರದು ಆಗುವ ತನಕ ಕಾಯಿರಿ.

ಅಮೆರಿಕದ ಲೆಕ್ಕ

ದೇಶ ಬಿಟ್ಟರೂ ತೆರಿಗೆ ಬಿಡುವುದಿಲ್ಲ. ಅಮೆರಿಕ ತನ್ನ ಪೌರರ ಆದಾಯಕ್ಕೆ, ಅದು ಜಗತ್ತಿನ ಯಾವ ಮೂಲೆಯಲ್ಲಿ ಹುಟ್ಟಲಿ, ಲೆಕ್ಕ ಕೇಳುತ್ತದೆ. ಹೊರದೇಶದಲ್ಲಿರುವವರಿಗೆ ರಿಟರ್ನ್ ಸಲ್ಲಿಸಲು ಜೂನ್ 15ರವರೆಗೆ ತಾನಾಗಿಯೇ ಸಮಯ ಸಿಗುತ್ತದೆ. ಕಟ್ಟಬೇಕಾದ ತೆರಿಗೆಗೆ ಬಡ್ಡಿ ಮಾತ್ರ ಏಪ್ರಿಲ್ 15ರಿಂದಲೇ ಓಡುತ್ತದೆ, ಆದ್ದರಿಂದ ಹಣವನ್ನು ಏಪ್ರಿಲ್‌ನಲ್ಲೇ ಕಟ್ಟಿ. ವಿದೇಶದಲ್ಲಿ ದುಡಿದ ಸಂಬಳಕ್ಕೆ ಸಿಗುವ ವಿನಾಯಿತಿ ಪಿಂಚಣಿಗೂ ಸೋಷಿಯಲ್ ಸೆಕ್ಯುರಿಟಿಗೂ ಅನ್ವಯಿಸುವುದಿಲ್ಲ.

ನಮ್ಮವರು ಕಣ್ಣು ತೆರೆದು ನೋಡಬೇಕಾದ್ದು ಎಫ್‌ಬಾರ್ ವರದಿಯನ್ನು. ಅಮೆರಿಕದ ಹೊರಗಿರುವ ನಿಮ್ಮ ಎಲ್ಲ ಖಾತೆಗಳ ಮೊತ್ತ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಈ ವರದಿ ಕೊಡಲೇಬೇಕು. ಇಲ್ಲಿನ ಪೆಸೊ ಖಾತೆ ಒಂದನ್ನೇ ಬರೆದು ಕೈತೊಳೆದುಕೊಳ್ಳಬೇಡಿ. ಮೈಸೂರಿನ ಬ್ಯಾಂಕಿನ ಎನ್ಆರ್‌ಒ ಖಾತೆ, ಅಲ್ಲಿನ ಎಫ್‌ಡಿ, ಹಣ ಕೂಡುತ್ತಾ ಹೋಗುವ ಎಲ್‌ಐಸಿ ಪಾಲಿಸಿ ಎಲ್ಲವೂ ಆ ಲೆಕ್ಕಕ್ಕೆ ಬರುತ್ತವೆ. ಅಮ್ಮನ ಹೆಸರಿನ ಖಾತೆಗೆ ನೀವು ಸಹಿ ಮಾಡುವ ಅಧಿಕಾರ ಇಟ್ಟುಕೊಂಡಿದ್ದರೆ, ಅದರಲ್ಲಿ ನಿಮ್ಮದೊಂದು ರೂಪಾಯಿ ಇಲ್ಲದಿದ್ದರೂ, ಅದನ್ನೂ ಬರೆಯಬೇಕು. ಇದು ತೆರಿಗೆಯಲ್ಲ, ಬರೀ ಮಾಹಿತಿ. ಕೊಡದಿದ್ದರೆ ಬೀಳುವ ದಂಡ ಮಾತ್ರ ಭಾರಿ. 2023ರಲ್ಲಿ ಬಿಟ್ನರ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಬೇಕೆಂದೇ ಮಾಡದ ತಪ್ಪಿಗೆ ಖಾತೆಗೊಂದರಂತೆ ಅಲ್ಲ, ವರದಿಗೊಂದರಂತೆ ದಂಡ ಹಾಕಬೇಕೆಂದು ತೀರ್ಪು ಕೊಟ್ಟಿತು. ಹತ್ತಾರು ಸಣ್ಣ ಖಾತೆ ಇಟ್ಟುಕೊಂಡವರಿಗೆ ಅದರಿಂದ ಅಷ್ಟಿಷ್ಟು ಉಸಿರಾಡಲು ಜಾಗ ಸಿಕ್ಕಿತು, ಅಷ್ಟೇ. ಇಷ್ಟು ವರ್ಷ ತಿಳಿಯದೆ ಬಿಟ್ಟಿದ್ದರೆ ಹೆದರಿ ಮುಚ್ಚಿಡಬೇಡಿ. ತಿಳಿಯದೆ ಬಿಟ್ಟವರು ಮೂರು ವರ್ಷದ ರಿಟರ್ನ್, ಆರು ವರ್ಷದ ಎಫ್‌ಬಾರ್ ಕೊಟ್ಟು ಸರಿಪಡಿಸಿಕೊಳ್ಳಲು ಸರ್ಕಾರವೇ ದಾರಿ ಇಟ್ಟಿದೆ. ಅವರು ಹುಡುಕಿಕೊಂಡು ಬರುವ ಮೊದಲು ನೀವೇ ಹೋಗಬೇಕು.

ಭಾರತದ ಮ್ಯೂಚುವಲ್ ಫಂಡನ್ನಾಗಲಿ ಮೆಕ್ಸಿಕೋದ್ದನ್ನಾಗಲಿ ಕೊಳ್ಳಬೇಡಿ. ಅಮೆರಿಕದ ಪೌರರ ಕೈಯಲ್ಲಿರುವ ವಿದೇಶಿ ಫಂಡಿನ ಮೇಲಿನ ತೆರಿಗೆ ನಿಯಮ ಬಲು ಕಠೋರ. ಲಾಭಕ್ಕಿಂತ ಲೆಕ್ಕಿಗರ ಶುಲ್ಕವೇ ಹೆಚ್ಚಾಗುತ್ತದೆ.

ಅಮೆರಿಕದ ಬ್ಯಾಂಕ್ ಖಾತೆ ಮುಚ್ಚಬೇಡಿ, ಅಲ್ಲಿನ ಫೋನ್ ನಂಬರನ್ನೂ ಬಿಡಬೇಡಿ. ಒಟಿಪಿ ಬರುವುದು ಆ ನಂಬರಿಗೆ. ನಿಮ್ಮ ಬ್ರೋಕರೇಜ್ ಸಂಸ್ಥೆ ಹೊರದೇಶದ ವಿಳಾಸ ಒಪ್ಪುತ್ತದೆಯೇ ಎಂದು ಹೊರಡುವ ಮೊದಲೇ ಬರವಣಿಗೆಯಲ್ಲಿ ಕೇಳಿ, ಉತ್ತರವನ್ನು ತೆಗೆದಿಡಿ.

ಹೊರದೇಶದಲ್ಲಿರುವ ಸೋಷಿಯಲ್ ಸೆಕ್ಯುರಿಟಿ ಫಲಾನುಭವಿಗಳಿಗೆ ಆಗಾಗ ಒಂದು ಪ್ರಶ್ನಾವಳಿ ಅಂಚೆಯಲ್ಲಿ ಬರುತ್ತದೆ: ಬದುಕಿದ್ದೀರಾ, ಎಲ್ಲಿದ್ದೀರಿ, ಮದುವೆಯ ಸ್ಥಿತಿ ಏನು. ಅದನ್ನು ತುಂಬಿ ಹಿಂದಿರುಗಿಸದಿದ್ದರೆ ಹಣ ನಿಲ್ಲುತ್ತದೆ. ಇಲ್ಲಿ ಅಂಚೆ ನಿಧಾನ, ಎಷ್ಟೋ ಸಲ ಬರುವುದೇ ಇಲ್ಲ. ಬಂದಿಲ್ಲವೆಂದು ಕೂರದೆ ಅಮೆರಿಕ ದೂತಾವಾಸದ ಫೆಡರಲ್ ಬೆನಿಫಿಟ್ಸ್ ಘಟಕಕ್ಕೆ ನೀವೇ ಬರೆದು ಕೇಳಿ.

ಮತ ಹಾಕಿ. ವಿದೇಶದಲ್ಲಿರುವ ಪೌರರ ಮತದ ಹಕ್ಕನ್ನು 1986ರ ಕಾಯಿದೆ ಕಾಪಾಡಿದೆ. ನೀವು ಕೊನೆಗೆ ವಾಸವಿದ್ದ ರಾಜ್ಯದಿಂದಲೇ ಮತಪತ್ರ ಬರುತ್ತದೆ, ಅದಕ್ಕೆ ಪ್ರತಿ ವರ್ಷ ಫೆಡರಲ್ ಪೋಸ್ಟ್ ಕಾರ್ಡ್ ಅರ್ಜಿ ಕಳಿಸಬೇಕು. ಕೈಯೆತ್ತಿ ಪ್ರಮಾಣ ಮಾಡಿ ಪಡೆದ ಪೌರತ್ವ ನಮ್ಮದು. ದೂರ ಬಂದೆವೆಂದು ಅದನ್ನು ಪಿಂಚಣಿ ಪುಸ್ತಕಕ್ಕೆ ಇಳಿಸುವುದು ತಪ್ಪು.

ಡಾಲರಿನ ದರವನ್ನು ಕಾಯಂ ಎಂದು ನಂಬಿ ಬಜೆಟ್ ಹಾಕಬೇಡಿ. 2020ರ ವಸಂತದಲ್ಲಿ ಒಂದು ಡಾಲರಿಗೆ ಸುಮಾರು 25 ಪೆಸೊ ಸಿಗುತ್ತಿತ್ತು. 2024ರ ವಸಂತದಲ್ಲಿ ಅದು 17ಕ್ಕಿಂತ ಕೆಳಗಿಳಿಯಿತು. ತಿಂಗಳಿಗೆ 2,000 ಡಾಲರ್ ಬರುವವರ ಕೈಗೆ 50,000 ಪೆಸೊ ಬರುತ್ತಿದ್ದಲ್ಲಿ 33,000ದ ಆಸುಪಾಸು ಬಂತು, ಅಷ್ಟು ಹೊತ್ತಿಗೆ ಬಾಡಿಗೆಯೂ ಏರಿತ್ತು. ಕೆಟ್ಟ ದರದಲ್ಲೂ ಸಂಸಾರ ನಡೆಯುವಂತಿದ್ದರೆ ಬನ್ನಿ.

ಜಮೀನು

ಚಪಾಲದ ಸುತ್ತ ವಿದೇಶಿಯರು ಸ್ವಂತ ಹೆಸರಿನಲ್ಲೇ ಮನೆ ಕೊಳ್ಳಬಹುದು. ಪ್ವೆರ್ತೊ ವಯಾರ್ತದಂಥ ಕಡಲೂರಿನಲ್ಲಿ ಆಗದು. ಸಮುದ್ರದಿಂದ 50 ಕಿಲೋಮೀಟರ್, ಗಡಿಯಿಂದ 100 ಕಿಲೋಮೀಟರ್ ಒಳಗೆ ಬ್ಯಾಂಕಿನ ಟ್ರಸ್ಟ್ ಮೂಲಕವೇ ಕೊಳ್ಳಬೇಕು. ಎಹಿದೊ ಜಮೀನಿನ ಹತ್ತಿರ ಸುಳಿಯಬೇಡಿ. ಮೆಕ್ಸಿಕೋ ಕ್ರಾಂತಿಯ ನಂತರ ಹಳ್ಳಿಯ ರೈತರಿಗೆ ಸಾಮೂಹಿಕವಾಗಿ ಹಂಚಿದ ನೆಲ ಅದು. ಅಗ್ಗಕ್ಕೆ ಸಿಗುತ್ತದೆಂದು ಕೈಬರಹದ ಕರಾರು ಹಿಡಿದುಕೊಂಡರೆ ಮನೆಯೂ ಹೋಗುತ್ತದೆ, ಹಣವೂ ಹೋಗುತ್ತದೆ. ನೊತಾರಿಯೊ ಮುಂದೆ ಆದ ಎಸ್ಕ್ರಿತೂರ ಎಂಬ ಕ್ರಯಪತ್ರವಿಲ್ಲದೆ ಮುಂಗಡವನ್ನೂ ಕೊಡಬೇಡಿ. ಇಲ್ಲಿನ ನೊತಾರಿಯೊ ನಮ್ಮ ಕಡೆಯ ಸ್ಟ್ಯಾಂಪ್ ಒತ್ತುವ ನೋಟರಿಯಲ್ಲ, ಸರ್ಕಾರ ನೇಮಿಸಿದ ಹಿರಿಯ ವಕೀಲರು.

ಆಸ್ಪತ್ರೆ

ಮೆಡಿಕೇರ್ ಗಡಿಯಲ್ಲಿ ನಿಲ್ಲುತ್ತದೆ. ಗ್ವಾಡಲಹಾರದಲ್ಲಿ ಒಳ್ಳೆಯ ಆಸ್ಪತ್ರೆಗಳಿವೆ, ಒಳ್ಳೆಯ ವೈದ್ಯರಿದ್ದಾರೆ, ಆದರೆ ಬಿಲ್ಲು ನಿಮ್ಮದೇ. ಖಾಸಗಿ ಆಸ್ಪತ್ರೆಗಳು ದಾಖಲು ಮಾಡುವ ಮೊದಲೇ ಠೇವಣಿ ಕೇಳುವುದು ಇಲ್ಲಿ ಸಾಮಾನ್ಯ. ಆ ಮೊತ್ತಕ್ಕೆ ಸಾಲುವ ಮಿತಿಯುಳ್ಳ ಕಾರ್ಡನ್ನು ಗಂಡ, ಹೆಂಡತಿ ಇಬ್ಬರ ಹೆಸರಲ್ಲೂ ಇಡಿ. ಒಬ್ಬರು ಸ್ಟ್ರೆಚರಿನ ಮೇಲಿರುವಾಗ ಇನ್ನೊಬ್ಬರು ಕೌಂಟರಿನಲ್ಲಿ ನಿಂತು ಆ ಕಾರ್ಡ್ ಉಜ್ಜಬೇಕಾಗುತ್ತದೆ, ಪಿನ್ ನಂಬರ್ ಅವರಿಗೂ ಗೊತ್ತಿರಲಿ.

ಮೆಡಿಗ್ಯಾಪ್ ಪಾಲಿಸಿಯ ವಿದೇಶ ಪ್ರವಾಸದ ಸೌಲಭ್ಯವನ್ನು ನಂಬಿ ಕೂರಬೇಡಿ. ಅದು ಪ್ರವಾಸದ ಮೊದಲ 60 ದಿನದ ತುರ್ತಿಗೆ ಮಾತ್ರ, ಜೀವಮಾನಕ್ಕೆಲ್ಲ ಸೇರಿ ಮಿತಿ 50,000 ಡಾಲರ್.

ಮೆಡಿಕೇರ್ ಪಾರ್ಟ್ ಬಿ ಬಿಡುವ ಮುನ್ನ ಕೂತು ಲೆಕ್ಕ ಹಾಕಿ. ಇಲ್ಲಿ ಉಪಯೋಗಕ್ಕೆ ಬಾರದ ಪ್ರೀಮಿಯಂ ಯಾಕೆ ಕಟ್ಟಬೇಕು ಎನ್ನುವುದು ಸಹಜ. ಬಿಟ್ಟು ಮತ್ತೆ ಸೇರಿದರೆ ಹೊರಗಿದ್ದ ಪ್ರತಿ ಪೂರ್ತಿ 12 ತಿಂಗಳಿಗೆ ಪ್ರೀಮಿಯಂ ಮೇಲೆ ಶೇ 10 ದಂಡ ಬೀಳುತ್ತದೆ, ಅದು ಬದುಕಿರುವ ತನಕ. ಐದು ವರ್ಷ ಬಿಟ್ಟವರಿಗೆ ಒಂದೂವರೆ ಪಟ್ಟು. ಸೇರುವುದಕ್ಕೂ ಜನವರಿಯಿಂದ ಮಾರ್ಚ್ ಕೊನೆಯವರೆಗೆ ಮಾತ್ರ ಅವಕಾಶ. ಕ್ಯಾನ್ಸರಿಗಾಗಲಿ ಹೃದಯದ ಶಸ್ತ್ರಚಿಕಿತ್ಸೆಗಾಗಲಿ ಮಕ್ಕಳಿರುವ ಊರಿಗೇ ಹೋಗುತ್ತೇವೆ ಎಂಬ ಯೋಚನೆಯಿದ್ದವರು ಬಿಡಬಾರದು. ನನ್ನ ಮಟ್ಟಿಗೆ, ಕಟ್ಟುವ ಶಕ್ತಿಯಿದ್ದವರು ಯಾರೂ ಬಿಡಬಾರದು.

ಸ್ಥಳೀಯ ಖಾಸಗಿ ವಿಮೆಗೆ ವಯಸ್ಸಿನ ಮಿತಿಯಿದೆ. ಬಂದ ವರ್ಷವೇ ವಿಚಾರಿಸಿ. ತುರ್ತು ಕರೆಗೆ ಇಲ್ಲೂ 911.

ಊರು, ನೆರೆಹೊರೆ

ಅಂಗಡಿಗೆ ಕಾಲಿಟ್ಟ ಕೂಡಲೆ 'ಬ್ವೆನೋಸ್ ದಿಯಾಸ್' ಎನ್ನಿ, ಆಮೇಲೆ ಸಾಮಾನು ಕೇಳಿ. ಉಣ್ಣುತ್ತಿರುವವರ ಪಕ್ಕದಲ್ಲಿ ಹಾದುಹೋಗುವಾಗ 'ಪ್ರೊವೆಚೊ' ಎನ್ನಿ. ಹಿರಿಯರನ್ನು ಬಹುವಚನದಲ್ಲಿ ಮಾತಾಡಿಸುವ ನಮಗೆ ಇಲ್ಲಿನ 'ಉಸ್ತೆದ್' ಕಷ್ಟವಾಗಬಾರದು. ಸ್ಪ್ಯಾನಿಷ್ ಕಲಿಯಿರಿ. ಅಹಿಹಿಕ್‌ನಲ್ಲಿ ಇಂಗ್ಲಿಷಿನಲ್ಲೇ ದಿನ ದೂಡಬಹುದು ಎಂಬುದು ಕಲಿಯದಿರಲು ಕಾರಣವಲ್ಲ. ರಾತ್ರಿ ಎರಡು ಗಂಟೆಗೆ ಬರುವ ಆಂಬುಲೆನ್ಸಿನ ಹುಡುಗನಿಗೆ ಇಂಗ್ಲಿಷ್ ಬರಬೇಕೆಂದೇನಿಲ್ಲ. ಎದೆನೋವು, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಈ ಪದಗಳನ್ನಾದರೂ ಬಾಯಿಪಾಠ ಮಾಡಿ.

ಅಗ್ಗ ಎಂಬ ಮಾತನ್ನು ಇಲ್ಲಿನವರ ಎದುರು ಆಡಬೇಡಿ. ನಿಮಗೆ ಅಗ್ಗವಾದ ಮನೆ ಪಕ್ಕದ ಮೀನುಗಾರನ ಮಗನಿಗೆ ಕೈಗೆಟುಕದ ಮನೆ. ಅಹಿಹಿಕ್‌ಗೆ 2020ರಲ್ಲಿ 'ಪ್ವೆಬ್ಲೊ ಮಾಹಿಕೊ' ಎಂಬ ಪ್ರವಾಸಿ ಮನ್ನಣೆ ಸಿಕ್ಕ ಮೇಲೆ ಒತ್ತಡ ಇನ್ನೂ ಹೆಚ್ಚಿದೆ. ಅಲ್ಲೇ ಹುಟ್ಟಿದ ಮಕ್ಕಳು ಮದುವೆಯಾಗಿ ಬಾಡಿಗೆ ಮನೆ ಹುಡುಕಿಕೊಂಡು ಬೇರೆ ಊರಿಗೆ ಹೋಗುವುದು ನಮ್ಮಂಥವರು ಬಂದದ್ದರಿಂದಲೇ. 2025ರ ಜುಲೈನಲ್ಲಿ ಮೆಕ್ಸಿಕೋ ನಗರದ ಬೀದಿಗಳಲ್ಲಿ ಜನ ವಿದೇಶಿಯರಿಂದ ಏರುತ್ತಿರುವ ಬಾಡಿಗೆಯ ವಿರುದ್ಧ ಮೆರವಣಿಗೆ ಮಾಡಿದರು. ಅವರ ಸಿಟ್ಟಿಗೆ ಕಾರಣವಿದೆ. ಕೇಳಿದಷ್ಟು ಬಾಡಿಗೆ ಕೊಟ್ಟು ದರ ಏರಿಸಬೇಡಿ. ಖಾಲಿ ಮನೆಯನ್ನು ದಿನಬಾಡಿಗೆಗೆ ಬಿಡಲು ಎರಡನೇ ಮನೆ ಕೊಳ್ಳಲೇಬೇಡಿ.

ನವೆಂಬರ್ 30 ಅಹಿಹಿಕ್‌ನ ಊರದೈವ ಸಂತ ಆಂದ್ರೆಸ್‌ನ ಹಬ್ಬ. ಅದಕ್ಕೆ ಮೊದಲ ಒಂಬತ್ತು ದಿನ ನಸುಕಿನಲ್ಲೇ 'ಕೊಎತೆ' ಬಾಣಗಳು ಹಾರುತ್ತವೆ, ರಾತ್ರಿ ಬಹಳ ಹೊತ್ತಿನವರೆಗೆ ವಾದ್ಯ ನಡೆಯುತ್ತದೆ. ಪೊಲೀಸರಿಗೆ ಫೋನ್ ಮಾಡಬೇಡಿ, ಪುರಸಭೆಗೆ ಅರ್ಜಿ ಬರೆಯಬೇಡಿ. ನಮ್ಮೂರ ಜಾತ್ರೆಯಲ್ಲಿ ತಮಟೆ ನಿಲ್ಲಿಸಿ ಎಂದು ಹೊರಗಿನವರು ಬಂದು ಹೇಳಿದರೆ ನಮಗೆ ಹೇಗಾಗುತ್ತದೋ ಇವರಿಗೂ ಹಾಗೆಯೇ. ಹಬ್ಬದ ಚಂದಾ ಕೇಳಿಕೊಂಡು ಬಂದಾಗ ಕೊಡಿ, ಸಂಜೆ ಚೌಕಕ್ಕೆ ಹೋಗಿ ಕೂತುಕೊಳ್ಳಿ. ನಾಯಿ ಇದ್ದವರು ಆ ದಿನಗಳಲ್ಲಿ ಅದನ್ನು ಒಳಗೆ ಕಟ್ಟಿ.

ರಾಜಕೀಯಕ್ಕೆ ಕೈ ಹಾಕಕೂಡದು. ಮೆಕ್ಸಿಕೋ ಸಂವಿಧಾನದ 33ನೇ ವಿಧಿ ವಿದೇಶಿಯರು ದೇಶದ ರಾಜಕೀಯ ವಿಷಯಗಳಲ್ಲಿ ತಲೆ ಹಾಕುವುದನ್ನು ನಿಷೇಧಿಸುತ್ತದೆ, ದೇಶದಿಂದ ಹೊರಹಾಕುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಡುತ್ತದೆ. ಮೆರವಣಿಗೆಯಲ್ಲಿ ಬ್ಯಾನರ್ ಹಿಡಿಯುವುದು, ಚುನಾವಣೆಯಲ್ಲಿ ಅಭ್ಯರ್ಥಿಯ ಪರ ಪ್ರಚಾರ, ಎರಡೂ ಬೇಡ. ಸೇವೆ ಮಾಡುವ ಮನಸ್ಸಿದ್ದರೆ ಮಕ್ಕಳಿಗೆ ಗಣಿತ, ಇಂಗ್ಲಿಷ್ ಹೇಳಿಕೊಡಲು ಬೇಕಾದಷ್ಟು ಅವಕಾಶವಿದೆ. 1940ರ ದಶಕದಲ್ಲಿ ಇಲ್ಲಿಗೆ ಬಂದು ನೆಲೆಸಿದ ಅಮೆರಿಕದ ಲೇಖಕಿ ನೀಲ್ ಜೇಮ್ಸ್ ಊರ ಮಕ್ಕಳಿಗೆ ಗ್ರಂಥಾಲಯ ತೆರೆದರು, ಚಿತ್ರಕಲೆ ಕಲಿಯಲು ಅನುಕೂಲ ಮಾಡಿಕೊಟ್ಟರು. ತಮ್ಮ ಮನೆ, ತೋಟವನ್ನು ಲೇಕ್ ಚಪಾಲ ಸೊಸೈಟಿಗೆ ಬಿಟ್ಟುಹೋದರು. ಇಂದಿಗೂ ಊರಿನವರು ಅವರ ಹೆಸರು ಹೇಳುತ್ತಾರೆ.

ನೀರನ್ನು ಹಾಳು ಮಾಡಬೇಡಿ. ಗ್ವಾಡಲಹಾರದ ಕುಡಿಯುವ ನೀರಿನ ಬಹುಪಾಲು ಈ ಸರೋವರದ್ದೇ, ಸರೋವರ ಆಳವೂ ಕಡಿಮೆ. ಫ್ಲೋರಿಡಾದ ಹಾಗೆ ಹುಲ್ಲುಹಾಸು ಬೆಳೆಸಿ ದಿನವೂ ನೀರು ಬಿಡುವುದನ್ನು ಇಲ್ಲಿ ಯಾರೂ ಮಾಡಕೂಡದು. ಕುಡಿಯಲು 20 ಲೀಟರಿನ ಕ್ಯಾನ್ ತರಿಸಿ.

ಮನೆಗೆಲಸದವರು

ಸಂಬಳ ಕೊಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ. ಡಿಸೆಂಬರ್ 20ರೊಳಗೆ 'ಅಗಿನಾಲ್ದೊ' ಕೊಡಬೇಕು: ವರ್ಷ ತುಂಬಿದವರಿಗೆ ಕನಿಷ್ಠ 15 ದಿನದ ಸಂಬಳ. ಇದು ಬಕ್ಷೀಸಲ್ಲ, ಕಾನೂನು. 2023ರಿಂದ ಮೊದಲ ವರ್ಷ ಮುಗಿದವರಿಗೆ 12 ದಿನ ಸಂಬಳ ಸಹಿತ ರಜೆಯೂ ಇದೆ. ಮನೆಗೆಲಸದವರನ್ನು ಸಾಮಾಜಿಕ ವಿಮೆಗೆ ಸೇರಿಸುವುದು 2022ರ ತಿದ್ದುಪಡಿಯಿಂದ ಕಡ್ಡಾಯ. ಹಳೆಯ ಮನೆಯವರು ಹೀಗೆ ಮಾಡುತ್ತಿರಲಿಲ್ಲ ಎಂಬ ಮಾತು ನಡೆಯುವುದಿಲ್ಲ. ಕೊಟ್ಟದ್ದಕ್ಕೆಲ್ಲ ಸಹಿ ತೆಗೆದುಕೊಳ್ಳಿ, ಅವರಿಗೂ ಒಂದು ಪ್ರತಿ ಕೊಡಿ. ಹಳೆ ಬಟ್ಟೆ, ಮಿಕ್ಕ ಅನ್ನವನ್ನು ಸಂಬಳದ ಲೆಕ್ಕಕ್ಕೆ ಸೇರಿಸುವ ಅಭ್ಯಾಸ ಯಾರಿಗಾದರೂ ಇದ್ದರೆ ಅದನ್ನು ಗಡಿಯಾಚೆಯೇ ಬಿಟ್ಟು ಬನ್ನಿ.

ಸಸ್ಯಾಹಾರಿಗಳಿಗೆ

ಹೋಟೆಲಿನಲ್ಲಿ ಅರೆದು ಹುರಿದ ಬೀನ್ಸ್‌ನಲ್ಲಿ ಹಂದಿಕೊಬ್ಬು, ಕೆಂಪನ್ನದಲ್ಲಿ ಕೋಳಿ ಸಾರು ಇರುವುದುಂಟು. 'ಸಿನ್ ಮಾಂತೆಕ, ಸಿನ್ ಕಾಲ್ದೊ ದೆ ಪೊಯೊ' ಎಂದು ಮೊದಲೇ ಹೇಳಿ, ತಟ್ಟೆ ಬಂದ ಮೇಲೆ ಮುಖ ಸಿಂಡರಿಸಬೇಡಿ. ಬುಧವಾರದ ಸಂತೆಯಲ್ಲಿ ಸೀಮೆಬದನೆ, ಸೀಬೆ, ಪಪ್ಪಾಯ, ಹಸಿಮೆಣಸು, ಕೊತ್ತಂಬರಿ, ಹುಣಸೆ ಎಲ್ಲ ಸಿಗುತ್ತವೆ. ಉದ್ದಿನಬೇಳೆಯನ್ನು ಅಮೆರಿಕದಿಂದ ಬರುವವರ ಕೈಲಿ ತರಿಸಬೇಕು.

ಸಾವಿನ ಸಿದ್ಧತೆ

ಇದನ್ನು ಓದದೆ ಮುಂದಕ್ಕೆ ತಳ್ಳಬೇಡಿ. ಇಲ್ಲಿನ ಕಾನೂನಿನಂತೆ ಶವವನ್ನು 12ರಿಂದ 48 ಗಂಟೆಯೊಳಗೆ ದಹನ ಮಾಡಬೇಕು ಇಲ್ಲವೆ ಹೂಳಬೇಕು. ಅದಕ್ಕೂ ಮೀರಿ ಇಡಬೇಕಾದರೆ ಕೆಡದಂತೆ ಸಂಸ್ಕರಿಸಬೇಕು. ಸಿಯಾಟಲ್‌ನಲ್ಲಿರುವ ಮಗಳು ಬರುವ ತನಕ ಕಾಯಬೇಕೋ ಬೇಡವೋ ಎಂಬುದನ್ನು ಅಳುತ್ತಾ ಕೂತ ಹೆಂಡತಿ ಆ ರಾತ್ರಿ ತೀರ್ಮಾನಿಸುವಂತಾಗಬಾರದು. ಇಬ್ಬರೂ ಇವತ್ತೇ ಮಾತಾಡಿ, ಬರೆದಿಡಿ, ಶವಸಂಸ್ಕಾರದ ಸಂಸ್ಥೆಯೊಂದನ್ನು ಮೊದಲೇ ಗೊತ್ತು ಮಾಡಿ. ಅಸ್ಥಿಯನ್ನು ಶ್ರೀರಂಗಪಟ್ಟಣಕ್ಕೋ ಗೋಕರ್ಣಕ್ಕೋ ಒಯ್ಯಬೇಕೆಂದಿದ್ದರೆ, ಏನೇನು ಕಾಗದ ಬೇಕೆಂದು ಮೆಕ್ಸಿಕೋ ನಗರದ ಭಾರತೀಯ ದೂತಾವಾಸವನ್ನು ಈಗಲೇ ಕೇಳಿಡಿ.

ಮೆಕ್ಸಿಕೋದಲ್ಲಿರುವ ಆಸ್ತಿಗೆ ಮೆಕ್ಸಿಕೋದಲ್ಲೇ ನೊತಾರಿಯೊ ಮುಂದೆ ಬೇರೆ ಉಯಿಲು ಮಾಡಿ. ಇಲ್ಲಿನ ಬ್ಯಾಂಕ್ ಖಾತೆಗೆ ವಾರಸುದಾರರ ಹೆಸರು ಬರೆಸಿ. ಮರಣವಾದ ಮೇಲೆ ಸ್ಥಳೀಯ ಮರಣಪತ್ರ ಹಿಡಿದು ಗ್ವಾಡಲಹಾರದ ಅಮೆರಿಕ ಕಾನ್ಸುಲೇಟಿಗೆ ತಿಳಿಸಿದರೆ ಅವರು ಇಂಗ್ಲಿಷಿನಲ್ಲಿ ಕಾನ್ಸುಲರ್ ಮರಣ ವರದಿ ಕೊಡುತ್ತಾರೆ. ಅಮೆರಿಕದ ಬ್ಯಾಂಕು, ವಿಮೆ, ಪಿಂಚಣಿ ಕಚೇರಿಗಳು ಕೇಳುವುದು ಅದನ್ನೇ, ಹಲವು ಪ್ರತಿ ತೆಗೆದುಕೊಳ್ಳಿ. ಸಾವು ಸಂಭವಿಸಿದ ತಿಂಗಳ ಸೋಷಿಯಲ್ ಸೆಕ್ಯುರಿಟಿ ಹಣ ಕುಟುಂಬಕ್ಕೆ ಸೇರಿದ್ದಲ್ಲ. ಖಾತೆಗೆ ಬಂದರೂ ಮುಟ್ಟಬೇಡಿ, ವಾಪಸ್ ಹೋಗುತ್ತದೆ.

ಮನೆಯಲ್ಲಿ ಲೆಕ್ಕಪತ್ರವನ್ನೆಲ್ಲ ಒಬ್ಬರೇ ನೋಡಿಕೊಳ್ಳುವ ಪದ್ಧತಿ ನಮ್ಮಲ್ಲಿ ಬಹಳ, ಹೆಚ್ಚಾಗಿ ಗಂಡಸರು. ಅದನ್ನು ಇಲ್ಲಿಗೆ ತರಬೇಡಿ. ಎರಡೂ ದೇಶದ ಖಾತೆಗಳ ಪಟ್ಟಿ, ಪಾಸ್‌ವರ್ಡುಗಳು, ವಾಸದ ಕಾರ್ಡ್, ಒಸಿಐ ಕಾರ್ಡ್, ಪಾಸ್‌ಪೋರ್ಟಿನ ಪ್ರತಿ, ಎರಡು ಉಯಿಲು, ತೆರಿಗೆ ಲೆಕ್ಕಿಗರ ಮತ್ತು ನೊತಾರಿಯೊ ಫೋನ್ ನಂಬರ್, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ, ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ಇಬ್ಬರೂ ಕೂತು ಒಮ್ಮೆಯಾದರೂ ಪ್ರತಿ ಖಾತೆಯನ್ನು ಲಾಗಿನ್ ಮಾಡಿ ನೋಡಿ. ಒಂದು ಪ್ರತಿ ಮಕ್ಕಳ ಬಳಿ ಇರಲಿ. ಪ್ರತಿ ಜನವರಿಯಲ್ಲಿ ಫೈಲು ತೆರೆದು ಬದಲಾದದ್ದನ್ನೆಲ್ಲ ತಿದ್ದಿ, ಕೊನೆಯ ಹಾಳೆಯಲ್ಲಿ ತಾರೀಕು ಹಾಕಿ ಇಬ್ಬರೂ ಸಹಿ ಮಾಡಿ.